ಹೊತ್ತು ತಂದವನೇ ಹೊತ್ತು ಇಳಿಯತಕ್ಕದ್ದು

ಸಾಯುವ ಮನುಷ್ಯನಿಗೆ ಕಿಂಚಿತ್ತಾದರೂ ಜವಾಬ್ದಾರಿ ಬೇಡವೇ? ನನ್ನ ಗೆಳೆಯನಿಗೆ ಇರಲಿಲ್ಲ. ಬೆಟ್ಟದ ಮೇಲಿನ ತನ್ನ ಊರಿಗೆ ಪ್ರವಾಸಿಗರು ಹೇಗೆ ಬರಬೇಕು, ಬಂದವರು ಏನೇನು ಮಾಡಕೂಡದು ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ಜೊತೆಗೆ ನನ್ನ ತಲೆಯನ್ನೂ ಕೆಡಿಸಿ, ಊರಿನವರು ಕೈಯೆತ್ತಿ ತೀರ್ಮಾನ ಹೇಳುವ ಸಭೆ ಹತ್ತಿರ ಬಂತು ಎನ್ನುವಾಗ, ಸಂಜೆ ಚಹಾ ಕುಡಿದು ಕುರ್ಚಿಗೆ ಒರಗಿದವನು ಏಳಲೇ ಇಲ್ಲ. ಹೃದಯವಂತೆ. (ಅದು ಅವನಿಗಿದೆ ಎಂದು ನನಗೆ ಗೊತ್ತಿತ್ತು. ಹೀಗೆ ಕೈಕೊಡುವ ಜಾತಿಯದೆಂದು ಗೊತ್ತಿರಲಿಲ್ಲ.) ಕಂಡವರೆಲ್ಲ "ಪಾಪ, ತುಂಬಾ ದುಃಖ ಆಗಿರಬೇಕು" ಅಂದರು. ದುಃಖ ಆಮೇಲಿನ ಮಾತು. ನನಗೆ ಮೊದಲು ಬಂದದ್ದು ಸಿಟ್ಟು.

ಅವನನ್ನು ಎಲ್ಲರೂ ಕೊಕ್ಕೆ ಎಂದೇ ಕರೆಯುತ್ತಿದ್ದರು. ಯಾರು ಏನು ಹೇಳಿದರೂ ಅದಕ್ಕೊಂದು ಕೊಕ್ಕೆ ಹಾಕುವುದು ಅವನ ಸ್ವಭಾವ. ಅವನ ಯೋಜನೆಯೂ ಒಂದು ಕೊಕ್ಕೆಯಿಂದಲೇ ನೇತಾಡುತ್ತಿತ್ತು. ಊರಬಾಗಿಲ ಮರಕ್ಕೆ ಒಂದು ಸ್ಪ್ರಿಂಗ್ ತಕ್ಕಡಿ. ಬಂದವರ ಗಂಟುಮೂಟೆಯನ್ನು ಅದಕ್ಕೆ ತೂಗುಹಾಕಿ, ಒಂದು ಬಣ್ಣದ ಬಟ್ಟೆ ಪಟ್ಟಿಯನ್ನು ಮೂಟೆಗೂ ಅದೇ ಬಣ್ಣದ ಇನ್ನೊಂದನ್ನು ಹೊತ್ತವನ ಮಣಿಕಟ್ಟಿಗೂ ಕಟ್ಟುವುದು. ಇಳಿಯುವಾಗ ಮತ್ತೆ ತೂಕ. ಹೊಟ್ಟೆಗೆ ಹೋದದ್ದು ಬಿಟ್ಟು ಡಬ್ಬಿ, ಬಾಟಲಿ, ಕಾಗದದ ಚೂರು ಎಲ್ಲವೂ ತಂದವನ ಜೊತೆಗೇ ಇಳಿಯಬೇಕು. ಅವನು "ಇಳೀಬೇಕು" ಎಂದು ಬರೆದದ್ದನ್ನು ಲೈಬ್ರರಿ ನಡೆಸುವ ನಾನು "ಇಳಿಯತಕ್ಕದ್ದು" ಎಂದು ತಿದ್ದಿದ್ದೆ. ಕಾನೂನಿಗೆ ಒಂದು ಗತ್ತು ಬೇಡವೇ? ಬೆಟ್ಟಕ್ಕೆ ನನ್ನ ಕೊಡುಗೆ ಅಷ್ಟೇ. ನಾನು ಬೆಟ್ಟ ಹತ್ತಿದವನಲ್ಲ.

ಇನ್ನೊಂದು ನಿಯಮ, ಮೇಲಿನವರೆಗೆ ರಸ್ತೆ ಕೂಡದು. ರಸ್ತೆ ಹಾಯಬೇಕಾದ ಇಳಿಜಾರಿನ ಕೆಳಗೆ ಊರಿಗೆಲ್ಲ ನೀರು ಕೊಡುವ ಒರತೆ ಇದೆ. "ಅದೂ ಅಲ್ದೆ ಜನ ನಡ್ಕೊಂಡೇ ಬರ್ಲಿ ಕಣೋ," ಎನ್ನುತ್ತಿದ್ದ. "ಏದುಸಿರು ಬಿಡೋನಿಗೆ ಹಾಡು ಹಾಕ್ಕೊಂಡು ಕುಣಿಯೋ ತಾಕತ್ತು ಉಳಿಯಲ್ಲ."

ಕೆಳಗಿನ ಪೇಟೆಯ ದೊಡ್ಡ ಹೋಟೆಲಿನ ಮಾಲೀಕರೇ ಪ್ರವಾಸ ಸಮಿತಿಯ ಅಧ್ಯಕ್ಷರು. ಅವರಿಗೆ ರಸ್ತೆ ಬೇಕು, ತುದಿಯಲ್ಲಿ ಕಾರು ನಿಲ್ಲಿಸುವ ಜಾಗ ಬೇಕು. ಕೊಕ್ಕೆ ಬದುಕಿರುವ ತನಕ ಅವನು ಅವರ ಬಾಯಲ್ಲಿ "ಆ ಅರೆಹುಚ್ಚ." ಸತ್ತ ಕೂಡಲೇ "ಮಹಾಚೇತನ." ಪೇಟೆಯ ಸಂತಾಪ ಸಭೆಯಲ್ಲಿ ಅವರು ಕಣ್ಣೊರೆಸಿಕೊಳ್ಳುತ್ತಾ ಘೋಷಿಸಿದರು: ಬೆಟ್ಟದ ರಸ್ತೆಗೆ ಅವನದೇ ಹೆಸರು! ತುದಿಯಲ್ಲಿ ಅವನದೇ ಪ್ರತಿಮೆ! ಅದು ಅವನ ಕನಸಿನ ರಸ್ತೆಯಂತೆ!

ಮನೆಗೆ ಬಂದು ಚಪ್ಪಲಿ ಎಸೆದೆ.

"ಚಪ್ಪಲಿ ಏನು ಮಾಡ್ತು ಪಾಪ?" ಎಂದಳು ಹೆಂಡತಿ.

"ರಸ್ತೆಗೆ ಅವನ ಹೆಸರಂತೆ ಕಣೇ! ರಸ್ತೆಗೆ!"

"ಅಲ್ಲೇ ಎದ್ದು ನಿಂತು ಹೇಳ್ಬೇಕಿತ್ತು."

"ಸಂತಾಪ ಸಭೇಲಿ ಜಗಳ ಆಡೋಕಾಗುತ್ತಾ?"

"ಅಲ್ಲಿ ಇಲಿ, ಇಲ್ಲಿ ಹುಲಿ. ಸರಿ, ಮೇಲೆ ಊರಿನ ಸಭೆ ಇದೆಯಲ್ಲ, ಅಲ್ಲಿ ಹೋಗಿ ಘರ್ಜಿಸಿ."

"ನಾನಾ? ಬೆಟ್ಟ ಹತ್ತೋದಾ?"

"ನಿಮ್ಮ ಗೆಳೆಯರು ನಿಮ್ಮ ಜೊತೆ ಸಂಜೆ ಚಹಾ ಕುಡಿಯೋಕೆ ಇಳಿದು ಇಳಿದೇ ಸವೆದು ಹೋದ್ರು. ಒಂದು ಸಲ ನೀವು ಹತ್ತಿ."

ಸಭೆಯ ದಿನ ಲೈಬ್ರರಿಗೆ ಬೀಗ ಹಾಕಿದೆ.

ಹತ್ತಿದೆವು. ಹೆಂಡತಿ ಮೇಕೆಯಂತೆ ಮುಂದೆ, ನಾನು ಮೂಟೆಯಂತೆ ಹಿಂದೆ. ದಾರಿಯಲ್ಲಿ ಅಧ್ಯಕ್ಷರೂ ಜೊತೆಯಾದರು, ಅವರ ಹೋಟೆಲಿನ ಇಬ್ಬರು ಆಳುಗಳು ಪ್ರತಿಮೆ ಹೊತ್ತಿದ್ದರು. ಸಿಮೆಂಟಿನದು, ತಲೆಯಿಂದ ಎದೆಯವರೆಗಿನದು. ಮುಖ ನೋಡಿ ನನಗೆ ಉಳಿದಿದ್ದ ಉಸಿರೂ ನಿಂತಿತು.

"ಇದೇನ್ರೀ ಮೀಸೆ? ಅವನು ಜನ್ಮದಲ್ಲಿ ಮೀಸೆ ಬಿಟ್ಟವನಲ್ಲ!"

"ಗಾಂಭೀರ್ಯಕ್ಕೆ ಇರ್ಲಿ ಸಾರ್," ಎಂದರು ಅಧ್ಯಕ್ಷರು. "ಮಹನೀಯರಿಗೆ ಮೀಸೆ ಇದ್ರೇನೇ ಕಳೆ."

ಕೊನೆಯ ಏರಿನ ಬುಡದಲ್ಲಿ ಆಳುಗಳು ಸುಸ್ತಾಗಿ ಪ್ರತಿಮೆಯನ್ನು ಕೆಸರಲ್ಲಿ ಬೋರಲು ಇಳಿಸಿ ನೀರು ಕುಡಿಯಲು ಕೂತರು. ಅದು ಬರೀ ಸಿಮೆಂಟು, ನಿಜ. ಮೀಸೆಯೂ ಸುಳ್ಳು. ಆದರೂ ಅವನು ಮುಖ ಕೆಳಗಾಗಿ ಬಿದ್ದದ್ದನ್ನು ನೋಡಲಾಗಲಿಲ್ಲ. ಬೈಯುತ್ತಾ ಎತ್ತಿ ತೋಳಲ್ಲಿ ತಬ್ಬಿಕೊಂಡೆ.

"ರೀ, ಸೊಂಟ!" ಎಂದಳು ಹೆಂಡತಿ.

"ಸೊಂಟ ನಂದು, ಗೆಳೆಯನೂ ನನ್ನವನು, ನೀನು ನಡಿ!"

"ಆಹಾ, ಆಪ್ತಮಿತ್ರರೇ ಹೊತ್ತರೆ ಫೋಟೋಗೆ ಎಂಥಾ ಕಳೆ!" ಎಂದು ಅಧ್ಯಕ್ಷರು ಮೊಬೈಲು ತೆಗೆದರು.

ಊರಬಾಗಿಲಲ್ಲಿ, ಕೊಕ್ಕೆ ಪ್ರಯೋಗಕ್ಕೆಂದು ಆಗಲೇ ಕಟ್ಟಿದ್ದ ತಕ್ಕಡಿಯ ಪಕ್ಕದಲ್ಲಿ, ಅವನ ಅಕ್ಕ ನಿಂತಿದ್ದರು. ತಮ್ಮ ಸತ್ತರೂ ತಮ್ಮನ ಕೆಲಸ ಬಿಟ್ಟಿರಲಿಲ್ಲ.

"ಹೊತ್ತದ್ದನ್ನ ಇಲ್ಲಿ ತೂಗುಹಾಕು ತಮ್ಮಾ," ಎಂದರು. ಹಗ್ಗ ಬಿಗಿದು ಹಾಕಿದೆ. ಮುಳ್ಳು ತುದಿಗೆ ಹೋಗಿ ಕೂತಿತು. ಅಕ್ಕ ಪ್ರತಿಮೆಯ ಕೆಸರು ಒರೆಸಿ, "ಯಾರಿದು?" ಎಂದರು.

"ನಿಮ್ಮ ತಮ್ಮನೇ ಅಮ್ಮಾ," ಎಂದರು ಅಧ್ಯಕ್ಷರು, ಗದ್ಗದಿತರಾಗಿ.

ಅಕ್ಕ ಬಗ್ಗಿ ನೋಡಿದರು. "ನೀವು ಬಂದು ಇಷ್ಟು ಹೊತ್ತಾಯ್ತು, ಇನ್ನೂ ಬಾಯಿ ಮುಚ್ಕೊಂಡಿದ್ದಾನೆ. ಖಂಡಿತ ಅವನಲ್ಲ."

ಹಾಗೆಂದು ಒಂದು ನೀಲಿ ಪಟ್ಟಿಯನ್ನು ಪ್ರತಿಮೆಯ ಕೊರಳಿಗೂ ಇನ್ನೊಂದನ್ನು ನನ್ನ ಮಣಿಕಟ್ಟಿಗೂ ಕಟ್ಟಿದರು. ಕೊರಳಿನ ಗಂಟು ಬಿಗಿಯಾಯಿತೆಂದು ಬಿಚ್ಚಿ, ಮತ್ತೆ ಸಡಿಲವಾಗಿ ಕಟ್ಟಿದರು. ನಾನು ಬೇರೆ ಕಡೆ ನೋಡಿದೆ.

ಸಭೆಯಲ್ಲಿ ಅಧ್ಯಕ್ಷರು ಬ್ಯಾನರು ಕಟ್ಟಿಸಿ, ಎಲ್ಲರಿಗೂ ನೀರಿನ ಬಾಟಲಿ ಹಂಚಿಸಿ, ಪ್ರತಿಮೆಯ ತಲೆ ಮೇಲೆ ಕೈಯಿಟ್ಟು ಮಾತಾಡಿದರು. ಕನಸು, ತ್ಯಾಗ, ರಸ್ತೆ. ಮತ್ತೆ ಕನಸು, ಮತ್ತೆ ರಸ್ತೆ. ಜನ ಮೂಗೊರೆಸಿಕೊಳ್ಳಲು ಶುರುಮಾಡಿದರು. ಕೆಲವರ ಕೈ ಆಗಲೇ ಅರ್ಧ ಎದ್ದಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಒರತೆ ಮುಗಿದಂತೆಯೇ. ಹೆಂಡತಿ ನನ್ನ ಪಕ್ಕೆಗೆ ತಿವಿದಳು.

ಎದ್ದೆ. "ಈ ಮೀಸೆ ಸುಳ್ಳು!" ಎಂದು ಕಿರುಚಿದೆ. (ಬೇರೆ ಘನವಾದ ಆರಂಭ ಸಿದ್ಧಮಾಡಿಕೊಂಡಿದ್ದೆ. ಮರೆತುಹೋಯಿತು.) "ಮೀಸೆ ಎಷ್ಟು ಸುಳ್ಳೋ ಈ ರಸ್ತೆ ಕನಸೂ ಅಷ್ಟೇ ಸುಳ್ಳು! ರಸ್ತೆ ಕಡಿದ್ರೆ ಒರತೆ ಬತ್ತುತ್ತೆ ಅಂತ ಅವನು ನಿಮಗೆ ಹೇಳಿದ್ನೋ ಇಲ್ವೋ?"

"ಹೇಳಿದ್ದ," ಎಂದಿತು ಹಿಂದಿನಿಂದ ಒಂದು ದನಿ. "ದಿನಾ ಹೇಳ್ತಿದ್ದ. ಸಾಕಾಗ್ತಿತ್ತು."

"ಮತ್ತೆ? ಅವನು ಸತ್ತ ಅಂತ ಅವನ ಬಾಯಿಗೆ ನಿಮ್ಮ ಮಾತು ತುರುಕೋದಾ ಅಧ್ಯಕ್ಷರೇ? ನಾಚಿಕೆ ಬೇಡ್ವಾ? ಈ ಬ್ಯಾನರು, ಈ ಬಾಟ್ಲಿ, ಈ ಸಿಮೆಂಟು, ಒಂದೂ ಇಲ್ಲಿ ಉಳಿಯಕೂಡದು! ಹೊತ್ತು ತಂದವನೇ ಹೊತ್ತು ಇಳಿಯತಕ್ಕದ್ದು!"

ಮೊದಲು ಅಕ್ಕನ ಕೈ ಮೇಲೆದ್ದಿತು. ಆಮೇಲೆ ಕೈಗಳ ಕಾಡೇ ಎದ್ದಿತು. ರಸ್ತೆ ಬಿದ್ದುಹೋಯಿತು, ನಿಯಮ ಗೆದ್ದಿತು. ಹೆಂಡತಿ ಎಷ್ಟೋ ವರ್ಷಗಳ ಮೇಲೆ ನನ್ನನ್ನು ಮೆಚ್ಚುಗೆಯಿಂದ ನೋಡಿದಳು.

ಆ ಮೆಚ್ಚುಗೆಯ ಆಯಸ್ಸು ಊರಬಾಗಿಲ ತನಕ. ಅಧ್ಯಕ್ಷರು ಬ್ಯಾನರು ಸುತ್ತಿಕೊಂಡು, ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು, ಪ್ರತಿಮೆಯನ್ನು ಬಿಟ್ಟು ಹೊರಟರು.

"ಅಧ್ಯಕ್ಷರೇ, ಇದು?"

"ಅಕ್ಕನ್ನ ಕೇಳಿ ಸಾರ್," ಎಂದರು, ಆ ದಿನ ಮೊದಲ ಬಾರಿಗೆ ಮನಸಾರೆ ನಗುತ್ತಾ.

ಅಕ್ಕ ನನ್ನ ಮಣಿಕಟ್ಟು ಎತ್ತಿ ಪ್ರತಿಮೆಯ ಕೊರಳ ಪಕ್ಕದಲ್ಲಿ ಹಿಡಿದರು. ನೀಲಿ. ನೀಲಿ.

"ಅಕ್ಕಾ, ನಾನು ಹೊತ್ತದ್ದು ಕೊನೇ ಏರು ಮಾತ್ರ!"

"ಬಾಗಿಲೊಳಗೆ ತಂದವನು ಯಾರು?"

"ನಾನೇ, ಆದ್ರೆ..."

"ಹೊತ್ತು ತಂದವನೇ..." ಎಂದು ಅಕ್ಕ ನಿಲ್ಲಿಸಿದರು. "ಹೊತ್ತು ಇಳಿಯತಕ್ಕದ್ದು!" ಎಂದು ಊರಿಗೆ ಊರೇ ಪೂರ್ತಿಮಾಡಿತು. ಎಲ್ಲರಿಗಿಂತ ದೊಡ್ಡ ದನಿ ನನ್ನ ಹೆಂಡತಿಯದು. (ಅರ್ಧ ದಾರಿ ಅವಳೇ ಹೊತ್ತಳು. ಇದನ್ನು ಹೊರಗೆ ಹೇಳಕೂಡದು ಎಂದುಕೊಂಡಿದ್ದೆ.)

ಈಗ ಅವನು ನಮ್ಮ ನಡುಮನೆಯಲ್ಲಿ, ನನ್ನ ಕುರ್ಚಿಯ ಎದುರಿಗೇ ಇದ್ದಾನೆ. ಬದುಕಿದ್ದಾಗ ಎಷ್ಟು ಕರೆದರೂ ಒಂದು ರಾತ್ರಿ ಉಳಿಯದವನು. ಹೆಂಡತಿ ಹಳೇ ಚಾಕುವಿನಿಂದ ಮೀಸೆ ಕೆರೆದು ತೆಗೆದಳು. ಹಾಗೆಂದು ಅವನಂತೆ ಕಾಣುತ್ತಾನೆ ಎನ್ನಲಾರೆ. ನನ್ನ ಸೊಂಟ ಇನ್ನೂ ನೆಟ್ಟಗಾಗಿಲ್ಲ. ಇದರ ಮೇಲೆ ಅವಳು ಆ ನಿಯಮವನ್ನು ಮನೆಯಲ್ಲೂ ಜಾರಿಗೆ ತಂದಿದ್ದಾಳೆ. ನಾನು ನಡುಮನೆಗೆ ತಂದ ಪೇಪರು, ತಟ್ಟೆ, ಲೋಟ ಎಲ್ಲವನ್ನೂ ನಾನೇ ವಾಪಸು ಒಯ್ಯತಕ್ಕದ್ದು. ಬಿಟ್ಟರೆ ಅದಕ್ಕೆ ನೀಲಿ ಪಟ್ಟಿ ಬೀಳುತ್ತದೆ.

ನಿನ್ನೆ ಸಂಜೆ ಅಭ್ಯಾಸಬಲದಿಂದ ಚಹಾ ಎರಡು ಲೋಟ ತಂದುಬಿಟ್ಟೆ. ಒಂದನ್ನು ಅವನ ಮುಂದಿಟ್ಟೆ. ನಾನು ಏನು ಹೇಳಿದರೂ ಅವನು ಒಂದು ಕೊಕ್ಕೆಯನ್ನೂ ಹಾಕಲಿಲ್ಲ. ಲೋಟ ತಣ್ಣಗಾಯಿತು. ಹೆಂಡತಿ ಪಟ್ಟಿ ಹಿಡಿದುಕೊಂಡು ಬಂದವಳು ನಮ್ಮಿಬ್ಬರನ್ನೂ ನೋಡಿ, ಪಟ್ಟಿಯನ್ನು ಮಡಿಚಿಕೊಂಡು ಒಳಗೆ ಹೋದಳು.

ತಂದವನು ನಾನು. ಎರಡನ್ನೂ ನಾನೇ ಕುಡಿದು, ಎರಡನ್ನೂ ತೊಳೆದಿಟ್ಟೆ. ಆರಿದ ಚಹಾದಂಥ ಕೆಟ್ಟ ಪದಾರ್ಥ ಲೋಕದಲ್ಲಿ ಇನ್ನೊಂದಿಲ್ಲ. ಎಂಥ ಸಿಟ್ಟು ಬಂತು ಅವನ ಮೇಲೆ.