ಹದಿನೈದು ಅಡಿ ಎತ್ತರದಲ್ಲಿ ನಶ್ಯದ ಡಬ್ಬಿ

ಜಯನಗರದ ನಮ್ಮ ಬ್ಲಾಕಿನ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ಯುವಜನರನ್ನು ಮಾದಕ ವಸ್ತುಗಳಿಂದ ಪಾರುಮಾಡಲು ನನಗಿಂತ ಯೋಗ್ಯ ಮನುಷ್ಯ ಇಡೀ ದಕ್ಷಿಣ ಬೆಂಗಳೂರಿನಲ್ಲಿ ಇಲ್ಲ ಎಂದು ಆ ಭಾನುವಾರ ಬೆಳಗ್ಗೆ ಹತ್ತು ಗಂಟೆಯವರೆಗೂ ನಂಬಿದ್ದೆ.

ನಂಬಿಕೆಗೆ ಆಧಾರವಿತ್ತು. ಇಪ್ಪತ್ತೆಂಟು ವರ್ಷ ನಶ್ಯ ಏರಿಸಿದ ಮೂಗು ನನ್ನದು. ಹೋದ ವರ್ಷ ಯುಗಾದಿಯ ದಿನ ಮಗಳು ಸಿಂಚನಾಳ ತಲೆಯ ಮೇಲೆ ಕೈಯಿಟ್ಟು ಅದನ್ನು ಬಿಟ್ಟೆ. ಅಂದರೆ, ಅಧಿಕೃತವಾಗಿ ಬಿಟ್ಟೆ. ಅನಧಿಕೃತವಾಗಿ ನಶ್ಯದ ಡಬ್ಬಿ ಸ್ಕೂಟರಿನ ಸೀಟಿನಡಿ ಸುಖವಾಗಿ ವಾಸವಾಗಿತ್ತು. ಪಿಯುಸಿ ಓದುವ ಸಿಂಚನಾಗೆ ಇದು ಗೊತ್ತಿರಲಿಲ್ಲ. ಸಂಘದ ಸಭೆಯಲ್ಲಿ ಎದ್ದು ನಿಂತು, "ನಮ್ಮಪ್ಪ ಒಂದೇ ದಿನದಲ್ಲಿ ನಶ್ಯ ಬಿಟ್ರು. ಅವರೇ ಮಾತಾಡ್ಲಿ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ!

ಆ ಸಭೆ ಕರೆದದ್ದು ಸುಮ್ಮನೆ ಅಲ್ಲ. ಹಿಂದಿನ ಬೀದಿಯ ಕಾಲೇಜು ಹುಡುಗನೊಬ್ಬ ಗಾಂಜಾ ಚಟಕ್ಕೆ ಬಿದ್ದು ಆಸ್ಪತ್ರೆ ಸೇರಿದ್ದ. ಹೆತ್ತವರೆಲ್ಲ ಗಾಬರಿಯಾಗಿದ್ದರು. ಬರೀ ಭಾಷಣ ಕೊಟ್ಟರೆ ಮಕ್ಕಳು ಮೊಬೈಲ್ ನೋಡುತ್ತಾ ಕೂರುತ್ತಾರೆ, ಭಾಷಣದ ಜೊತೆಗೆ ಬಂಡೆಯನ್ನೂ ಹತ್ತಿಸೋಣ ಎಂದು ತೀರ್ಮಾನವಾಯಿತು. ಬಂಡೆಯ ಭಾಗಕ್ಕೆ ರಶ್ಮಿ ಎಂಬ ಸಾಹಸ ತರಬೇತುದಾರಳು, ಭಾಷಣದ ಭಾಗಕ್ಕೆ ನಾನು.

ನಾನೇನು ಕಡಿಮೆ? "ವ್ಯಸನಿಗಳು ಹೇಳುವ ಹತ್ತು ಸುಳ್ಳುಗಳು" ಎಂಬ ಕರಪತ್ರವನ್ನೇ ರಚಿಸಿದೆ. ಹತ್ತನ್ನೂ ಒಂದೇ ಸಲಕ್ಕೆ ಕುಳಿತು ಬರೆದೆ, ಎಲ್ಲೂ ಪೆನ್ನು ನಿಲ್ಲಲಿಲ್ಲ. ಹೆಂಡತಿ ವನಜಾ ಓದಿ, "ರೀ, ಇಷ್ಟೆಲ್ಲ ಹೇಗ್ರೀ ಗೊತ್ತು ನಿಮ್ಗೆ?" ಎಂದಳು.

"ಅಧ್ಯಯನ" ಎಂದೆ.

ಭಾನುವಾರ ಇಪ್ಪತ್ತು ಹುಡುಗ ಹುಡುಗಿಯರನ್ನು ಮಿನಿ ಬಸ್ಸಿನಲ್ಲಿ ತುಂಬಿಕೊಂಡು ತಲಘಟ್ಟಪುರದಾಚೆಯ ಒಂದು ಬಂಡೆಗೆ ಹೊರಟೆವು. ಎಲ್ಲರ ಕೈಗೂ ನನ್ನ ಹಳದಿ ಕರಪತ್ರ ಕೊಟ್ಟು, ಬನಶಂಕರಿ ದಾಟಿದಲ್ಲಿಂದ ಬಸ್ಸು ನಿಲ್ಲುವವರೆಗೂ ಉಪನ್ಯಾಸ ಮಾಡಿದೆ. ಮೂವರು ನಿದ್ದೆ ಹೋದರು. ಅವರಲ್ಲಿ ಒಬ್ಬರು ಕ್ಲೀನರ್.

ಬಂಡೆಯ ಬುಡದಲ್ಲಿ ರಶ್ಮಿ ಒಂದು ಬಕೆಟ್ ಇಟ್ಟು, "ಜೇಬಲ್ಲಿರೋದೆಲ್ಲ ಇದಕ್ಕೆ ಹಾಕಿ. ಮೇಲೆ ಹೋದಾಗ ಭಯ ಆಗತ್ತೆ, ಆಗ್ಲೇಬೇಕು. ಆಗ ನಿಮ್ ಕೈ ಎಲ್ಲಿಗೆ ಹೋಗತ್ತೆ ನೋಡ್ಕೊಳ್ಳಿ. ಹಗ್ಗಕ್ಕೆ ಹೋಗ್ಬೇಕು, ಕೆಳಗಿರೋರ್ನ ಕೂಗ್ಬೇಕು. ಇವತ್ತು ಕಲಿಯೋದು ಅಷ್ಟೇ" ಎಂದಳು.

ಎಂಥ ಮಾತು! ನಾನು ತಲೆದೂಗಿದೆ. ಮೊಬೈಲ್, ಬೀಗದ ಕೈ, ಕನ್ನಡಕದ ಪೆಟ್ಟಿಗೆ ಎಲ್ಲವನ್ನೂ ಎಲ್ಲರಿಗೂ ಕಾಣುವಂತೆ ಬಕೆಟ್ಟಿಗೆ ಹಾಕಿದೆ. "ಕರ್ಚೀಫ್ ಒಂದಿರ್ಲಿ, ನಂಗೆ ಬೆವರು ಜಾಸ್ತಿ" ಎಂದು ಷರ್ಟಿನ ಜೇಬು ತಟ್ಟಿಕೊಂಡೆ. ಕರ್ಚೀಫಿನೊಳಗೆ ಡಬ್ಬಿ ಇತ್ತು.

"ಮೊದ್ಲು ಯಾರು?" ಎಂದಳು ರಶ್ಮಿ.

ಐವತ್ನಾಲ್ಕು ವಯಸ್ಸಿನ, ಮನೆಯ ಅಟ್ಟ ಹತ್ತಲೂ ಪಕ್ಕದ ಮನೆಯವರನ್ನು ಕರೆಯುವ ನಾನು ಮುಂದೆ ಬಂದೆ. ಸೊಂಟಕ್ಕೆ ಪಟ್ಟಿ ಬಿಗಿದರು, ತಲೆಗೆ ಹೆಲ್ಮೆಟ್ ಹಾಕಿದರು. ನನ್ನ ಹಗ್ಗ ಬಂಡೆಯ ತುದಿಯ ಕೊಂಡಿಯನ್ನು ಹಾದು ಕೆಳಗೆ ನಿಂತ ಸಿಂಚನಾಳ ಕೈಗೆ ಬಂದಿತ್ತು. ಅವಳ ಬೆನ್ನಿಗೆ ನಿಂತು ರಶ್ಮಿಯೂ ಹಿಡಿದಿದ್ದಳು.

"ನಾನಿದೀನಿ ಅಪ್ಪ, ಹತ್ತು!" ಎಂದಳು ಮಗಳು.

ಹದಿನೈದು ಅಡಿ ಹೇಗೋ ಹತ್ತಿದೆ. ಆಮೇಲೆ ಕೆಳಗೆ ನೋಡಿದೆ. ನೋಡಬಾರದಿತ್ತು! ಕೈ ತಾನಾಗಿಯೇ ಹೊರಟಿತು. ಹಗ್ಗಕ್ಕಲ್ಲ, ಜೇಬಿಗೆ.

ಎಲ್ಲರಿಗೂ ನನ್ನ ಬೆನ್ನು ಮಾತ್ರ ಕಾಣುತ್ತಿದೆ, ಯಾರಿಗೆ ತಿಳಿಯುತ್ತದೆ? ಬಂಡೆಗೆ ಕೆನ್ನೆ ಒತ್ತಿ ಡಬ್ಬಿ ತೆರೆದು ಒಂದು ಚಿಟಿಕೆ ಏರಿಸಿದೆ. ಅದೇ ಹೊತ್ತಿಗೆ ಗಾಳಿ ಬೀಸಬೇಕೇ? ಅರ್ಧ ಡಬ್ಬಿ ಮುಖಕ್ಕೇ ಬಡಿಯಿತು. ಆಮೇಲೆ ಬಂದ ಸೀನು ನನ್ನ ಜೀವಮಾನದ ದಾಖಲೆ. ಕೈಕಾಲು ನಾಲ್ಕೂ ಬಂಡೆ ಬಿಟ್ಟವು. ನಾನು ಗಾಳಿಯಲ್ಲಿ ಗಿರಗಿರ ತಿರುಗುತ್ತಾ ಒಂದರ ಹಿಂದೊಂದು ಸೀನುತ್ತಿದ್ದರೆ, ಡಬ್ಬಿ ನೇರ ಕೆಳಗೆ ಹೋಗಿ ಸಿಂಚನಾಳ ಹೆಲ್ಮೆಟ್ಟಿನ ಮೇಲೆ ಟಣ್ ಎಂದಿತು.

ಮಗಳು ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ಅಪ್ಪ, ಏನಿದು?"

"ಅದು... ಯಾರೋ ಫ್ರೆಂಡು ಇಟ್ಕೊಂಡಿರು ಅಂತ ಕೊಟ್ಟಿದ್ದು!"

ಇಪ್ಪತ್ತು ಹಳದಿ ಕರಪತ್ರಗಳು ಸರಸರ ಬಿಚ್ಚಿಕೊಂಡವು. "ನಂಬರ್ ನಾಲ್ಕು!" ಎಂದು ಒಬ್ಬ ಕೂಗಿದ.

"ನೆಗಡಿಗೆ ಪುಟ್ಟಿ, ಔಷಧಿ ಥರ!"

"ನಂಬರ್ ಏಳು!"

"ಯಾವಾಗ್ಲೋ ಒಂದ್ಸಲ ಅಷ್ಟೇ!"

"ನಂಬರ್ ಒಂದು!"

"ಬಿಡ್ಬೇಕು ಅಂದ್ರೆ ಈಗ್ಲೇ ಬಿಡ್ತೀನಿ! ಇದೇ ಲಾಸ್ಟು!"

"ಒಂಬತ್ತು, ಹತ್ತು! ಅಂಕಲ್, ಅರ್ಲಿ ಫೈವ್!"

ಸಂಘದ ತಂಬೋಲಾ ಆಟದಲ್ಲಿ ಮೊದಲ ಐದು ನಂಬರ್ ಹೊಡೆದವರು ಕೂಗುವಾಗಲೂ ಅಷ್ಟು ಗದ್ದಲ ನಾನು ಕೇಳಿರಲಿಲ್ಲ. ರಶ್ಮಿ ಕೂಡ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ನಗದೆ ನಿಂತವಳು ಸಿಂಚನಾ ಒಬ್ಬಳೇ.

"ನೀನು ಬಿಟ್ಟೆ ಅಂತ ಎಲ್ರತ್ರಾನೂ ಹೇಳ್ಕೊಂಡು ಓಡಾಡಿದೀನಿ ಅಪ್ಪ" ಎಂದಳು. ಹಗ್ಗವನ್ನು ಮಾತ್ರ ಇನ್ನಷ್ಟು ಬಿಗಿಯಾಗಿ ಹಿಡಿದಿದ್ದಳು.

ನನಗೆ ನಿಜವಾಗಿಯೂ ನಾಚಿಕೆಯಾಯಿತು. ತಿರುಗುವುದು ನಿಂತಿತ್ತು, ಸೀನೂ ನಿಂತಿತ್ತು, ಕಣ್ಣಲ್ಲಿ ನೀರು ಮಾತ್ರ ನಿಂತಿರಲಿಲ್ಲ. ಅದನ್ನು ಪೂರ್ತಿಯಾಗಿ ನಶ್ಯದ ಲೆಕ್ಕಕ್ಕೆ ಹಾಕಲಾರೆ.

"ಬಿಟ್ಟಿಲ್ಲ ಪುಟ್ಟಿ. ಬಿಡೋಕೆ ಆಗ್ತಿಲ್ಲ. ನಿಂಗೆ ಹೇಳೋಕೆ ಭಯ ಆಯ್ತು."

ಕೆಳಗೆ ಎಲ್ಲರೂ ಕರಪತ್ರದಲ್ಲಿ ಮೇಲಿಂದ ಕೆಳಗೆ ಹುಡುಕಿದರು. ಕೊನೆಗೆ ಒಬ್ಬಳು ಹೇಳಿದಳು, "ಇದು ಲಿಸ್ಟಲ್ಲಿಲ್ಲ ಅಂಕಲ್."

ಮಗಳು ನಿಧಾನವಾಗಿ ಹಗ್ಗ ಸಡಿಲಿಸುತ್ತಾ ನನ್ನನ್ನು ಇಳಿಸಿಕೊಂಡಳು. ಉಳಿದ ನಶ್ಯವನ್ನು ಅಲ್ಲೇ ಮಣ್ಣಿಗೆ ಸುರಿದಳು. ವಾಪಸ್ ಬರುವಾಗ ನನ್ನ ಪಕ್ಕ ಕೂತು, "ಇನ್ಮೇಲೆ ಬೇಕು ಅನ್ಸಿದ ತಕ್ಷಣ ನಂಗೆ ಫೋನ್ ಮಾಡು. ಎಷ್ಟೊತ್ತಾದ್ರೂ ಎತ್ತೀನಿ" ಎಂದಳು.

ಮಾಡಿದೆ. ಸೋಮವಾರ ಹನ್ನೊಂದು ಸಲ, ಮಂಗಳವಾರ ಒಂಬತ್ತು ಸಲ. ಕ್ಲಾಸಿನಿಂದ ಹೊರಗೆ ಬಂದು ಅವಳು ಪ್ರತಿ ಸಲವೂ ಎತ್ತಿದಳು. ಮೂಗಿಗೆ ಏನೂ ಏರಿಸಲಿಲ್ಲ, ಸತ್ಯವಾಗಿಯೂ.

ಗುರುವಾರ ಅವಳ ಕಾಲೇಜಿನಿಂದ ನನಗೇ ಫೋನ್ ಬಂತು. ಉಪನ್ಯಾಸಕಿಯೊಬ್ಬರು ದನಿ ತಗ್ಗಿಸಿ ಮಾತಾಡಿದರು.

"ಸಾರ್, ಬೇಜಾರ್ ಮಾಡ್ಕೋಬೇಡಿ. ನಿಮ್ ಮಗಳಿಗೆ ಯಾರೋ ದಿನಕ್ಕೆ ಹತ್ತು ಸಲ ಫೋನ್ ಮಾಡ್ತಾರೆ. ಕಾರಿಡಾರಲ್ಲಿ ನಿಂತು 'ಅದನ್ನ ಬಿಸಾಕು, ಇವತ್ತೊಂದಿನ ತಡ್ಕೋ, ನಾನಿದೀನಿ' ಅಂತಿರ್ತಾಳೆ. ನಂಗೇನೋ ಡ್ರಗ್ಸ್ ಕೇಸ್ ಅನ್ಸತ್ತೆ. ಯಾರು ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡ್ತಿಲ್ಲ. ತುಂಬ ಒಳ್ಳೆ ಹುಡುಗಿ ಸಾರ್, ಇಂಥ ಸಹವಾಸ ಬೇಕಾ?"

ಮಗಳು ನನ್ನ ಮಾನ ಕಾಯುತ್ತಿದ್ದಳು!

"ಆ ಹುಡುಗ ಯಾರು ಅಂತ ನಿಮ್ಗೇನಾದ್ರೂ ಗೊತ್ತಾ ಸಾರ್?"

"ಗೊತ್ತು ಮೇಡಂ" ಎಂದೆ. "ಜಯನಗರದವನೇ. ವಯಸ್ಸು ಐವತ್ನಾಲ್ಕು."