ಜಾರ್ ಕೂಡಿಸೀಯೇನವಾ?

ಶಿಗ್ಗಾಂವದ ಕಾಲೇಜಿನ್ಯಾಗ ನಾ ಕಂಪ್ಯೂಟರಿನ ಜಾವಾ ಭಾಷಾ ಕಲಸ್ತೇನಿ. ಮಧ್ಯಾಹ್ನದ ಲ್ಯಾಬ್ ಅಂದ್ರ ಫ್ಯಾನು ಜೋಗುಳ ಹಾಡ್ತೈತಿ, ಕಿಟಕಿ ಬಿಸಲಾಗ ಧೂಳು ತೇಲತೈತಿ, ಹುಡುಗೂರು ಅರ್ಧ ಕನಸಿನ್ಯಾಗ, ನಾ ಇನ್ನರ್ಧ. ಅಂಥಲ್ಲೆ ನಗು ಬರೋವಂಥಾದ್ದು ಏನೂ ಆಗದ ವಾರ ಅನ್ನೂದ ಇಲ್ಲ.

೧

ಬ್ಯಾರೆಯವರು ಬರದಿಟ್ಟ ಕೋಡನ್ನ ನಮ್ಮ ಪ್ರಾಜೆಕ್ಟಿಗೆ ಕೂಡಿಸ್ಕೋಬೇಕಂದ್ರ ಅದರ ಫೈಲು ಬೇಕು. ಅದಕ್ಕ ಜಾರ್ ಅಂತಾರ. ಸವಣೂರಿನ ಒಬ್ಬಾಕಿ ವಿದ್ಯಾರ್ಥಿನಿಗೆ ಫೋನ್ ಮಾಡಿ, "ನಾಳೆ ಜಾರ್ ಮರೀಬ್ಯಾಡವಾ, ಮಾರ್ಕ್ಸ್ ಹೋಗ್ತಾವ" ಅಂದೆ. ಅಕಿ ಸ್ಪೀಕರ್ ಹಾಕಿದ್ಲಂತ. ಮರುದಿನ ಅವರ ಅಮ್ಮಿ ಏದುಸಿರು ಬಿಟ್ಕೋತ ಲ್ಯಾಬಿಗೆ ಬಂದ್ರು. ಕೈಯಾಗ ಮಿಕ್ಸರ್ ಜಾರ್.

"ಮಗಳು ಇದನ್ನ ಮರ್ತು ಬಂದಾಳ್ರಿ ಮೇಡಂ. ದೊಡ್ಡದು ಒಡದೈತಿ, ಚಟ್ನಿದು ನಡೀತೈತೇನ್ರಿ?"

೨

ಹಾನಗಲ್ಲಿನ ಒಬ್ಬ ಹುಡುಗ ಅಪ್ಪನ ಝೆರಾಕ್ಸ್ ಅಂಗಡಿ ಕಂಪ್ಯೂಟರಿನ್ಯಾಗ ಪ್ರಾಜೆಕ್ಟ್ ಮಾಡಿದ್ದ. ಜಾರ್ ಅಲ್ಲೇ ಬಿಟ್ಟು, ಅದು ಎಲ್ಲೈತಿ ಅನ್ನೋ ವಿಳಾಸ ಅಷ್ಟ ಪ್ರಾಜೆಕ್ಟಿನ್ಯಾಗ ಬರದಿದ್ದ. ಪರೀಕ್ಷಾ ದಿನ ನಮ್ಮ ಕಂಪ್ಯೂಟರ್ ಆ ವಿಳಾಸ ಹುಡುಕಿ ಹುಡುಕಿ, ಸಿಗದ, ತೆರೆ ತುಂಬ ಕೆಂಪು ಅಕ್ಷರ ಕಾರ್ತು.

"ಅಂಗಡ್ಯಾಗ ನಡೀತೈತ್ರಿ ಸರ್" ಅಂದ.

ಪರೀಕ್ಷಕರಿಗೆ ಸಿಟ್ಟು ಬಂತು. "ಹಂಗಂದ್ರ ಅಂಗಡೀನ ಇಲ್ಲಿಗೆ ತರ್ತೀಯೇನು?"

"ಅಪ್ಪಗ ಫೋನ್ ಮಾಡೇನ್ರಿ ಸರ್, ಟೆಂಪೋ ಹೊಂಟೈತಿ. ಝೆರಾಕ್ಸ್ ಮಶೀನೂ ಹೇರ್ಯಾನಂತ."

೩

ಒಮ್ಮೆ ಪರೀಕ್ಷಾ ಡ್ಯೂಟಿ ಮ್ಯಾಲ ಹಿರೇಕೆರೂರಿಗೆ ಹೊಂಟಿದ್ದೆ. ಬಸ್ ತಪ್ಪಿ ಬಾಡಿಗಿ ಟ್ರ್ಯಾಕ್ಸ್ ಜೀಪು ಹತ್ತಿದೆ. ಗೋವಿನಜೋಳದ ಹೊಲ ಹಸರ ಹಸರ ಹಿಂದ ಸರೀತಿದ್ವು. ತಂಪು ಗಾಳಿಗೆ ಕಣ್ಣು ಮುಚ್ಚಿದ್ವು. ಕನಸಿನ್ಯಾಗೂ ಲ್ಯಾಬ್! ಹೊಲದ ತುಂಬ ಸಾಲಾಗಿ ಕಂಪ್ಯೂಟರು ಬೆಳದಾವ, ತೆನಿ ಇದ್ದಲ್ಲೆ ಕೀಬೋರ್ಡು. ಆದ್ರ ಒಂದರಾಗೂ ಹೊರಗಿನ ಕೋಡ್ ಕೂಡಿಸಿಲ್ಲ. ಹೊರಗಿನವರ ಕೋಡಿಗೆ ನಾವು 'ಥರ್ಡ್ ಪಾರ್ಟಿ' ಅಂತೇವಿ. ನಿದ್ದಿಗಣ್ಣಾಗ ನಾ ದೊಡ್ಡ ದನೀಲೆ, "ಥರ್ಡ್ ಪಾರ್ಟಿ ಎಲ್ಲೈತಿ? ಅದಿಲ್ಲದ ಹೆಂಗ ಓಡಸ್ತೀರಿ? ನಿಲ್ಲಸ್ರಿ!" ಅಂದೆನಂತ.

ಗಾಡಿ ಗಕ್ಕನ ನಿಂತು ಎಚ್ಚರಾತು. ನೋಡಿದ್ರ ಡ್ರೈವರ್ ಇಳದು ಬಂದು ಕೈ ಮುಗದು ನಿಂತಾನ.

"ಆರ್‌ಟಿಓದವರು ಅಂತ ಗೊತ್ತಿರಲಿಲ್ರಿ ಮೇಡಂ. ಇನ್ಶೂರೆನ್ಸ್ ಮುಗದೈತಿ, ಖರೆ. ನಾಳೇನ ಥರ್ಡ್ ಪಾರ್ಟಿ ಮಾಡಸ್ತೇನ್ರಿ."

ನನಗ ನಾಚಿಕಿ ಆತು. "ಅಯ್ಯ, ನಾ ಆರ್‌ಟಿಓ ಅಲ್ರೀ ಅಣ್ಣಾರ. ನಂದು ಬರೇ ಜಾವಾ" ಅಂದೆ.

ಅವನ ಮುಖ ಇನ್ನಷ್ಟು ಬಾಡ್ತು.

"ಮನ್ಯಾಗಿನ ಹಳೇ ಜಾವಾ ಬೈಕಿಂದೂ ಗೊತ್ತಾತೇನ್ರಿ? ಅದಕ್ಕೂ ಮಾಡಸಿಲ್ರಿ!"