ಫೋಲ್ಕ್ಮಾರನ ಗೀರ್ಷ್ ಬೇಸಾಯ

ಏಪ್ರಿಲ್ ತಿಂಗಳ ಒಂದು ಶನಿವಾರ ಫೋಲ್ಕ್ಮಾರ್ ಡ್ರೆಸೆಲ್ ಮಹಾಶಯ ತೋಟದ ಸಂಘದ ಅಂಗಳದಲ್ಲಿ ಬಿಯರ್ ಲೋಟ ಎತ್ತಿ ಹಿಡಿದು ಭೀಷ್ಮ ಪ್ರತಿಜ್ಞೆ ಮಾಡಿದ.

"ಈ ಜೂನಿಗೆ ಬೇಸಿಗೆ ಬರೋ ಹೊತ್ತಿಗೆ ನನ್ನ ತೋಟದಲ್ಲಿ ಒಂದೇ ಒಂದು ಕಳೆ ಕಂಡ್ರೆ ನನ್ನ ಹೆಸರು ಫೋಲ್ಕ್ಮಾರ್ ಅಲ್ಲ!"

ಪಕ್ಕದ ತೋಟದ ಲೋರೆನ್ಸ್ ತಣ್ಣಗೆ ಕೇಳಿದ, "ಹಾಗಾದ್ರೆ ಇನ್ಮೇಲೆ ನಿನ್ನ ಏನಂತ ಕರೀಬೇಕಪ್ಪಾ?"

ಲೈಪ್‌ಜಿಗ್ ಊರಂಚಿನ ಆ ಬಾಡಿಗೆ ತೋಟಗಳು ಅಂದರೆ ಸುಮ್ಮನೆ ಅಲ್ಲ. ಚಾಪೆಯಷ್ಟು ಹುಲ್ಲುಹಾಸು, ಬೆಂಕಿಪೊಟ್ಟಣದಂಥ ಗುಡಿಸಲು, ಸುತ್ತ ಬೇಲಿ, ಅದರ ಮೇಲೆ ಒಂದು ರಾಶಿ ನಿಯಮ! ಬೇಲಿ ಇಷ್ಟೇ ಎತ್ತರ ಇರಬೇಕು, ಮಧ್ಯಾಹ್ನ ಸದ್ದು ಮಾಡಬಾರದು, ಜಾಗದ ಮೂರನೇ ಒಂದು ಪಾಲಿನಲ್ಲಿ ಹಣ್ಣು ತರಕಾರಿ ಬೆಳೆಯಲೇಬೇಕು. ಇದನ್ನೆಲ್ಲ ಅಳತೆ ಪಟ್ಟಿ ಹಿಡಿದು ನೋಡುವವರು ಸಂಘದ ಅಧ್ಯಕ್ಷೆ ಫ್ರೌ ಹೆಂಪೆಲ್, ಅಂದರೆ ಶ್ರೀಮತಿ ಹೆಂಪೆಲ್. ಬೇಲಿ ಬೆಳೆಸಿದ್ದಕ್ಕೊಂದು, ಮಧ್ಯಾಹ್ನ ಸುತ್ತಿಗೆ ಹಿಡಿದದ್ದಕ್ಕೊಂದು, ಹೀಗೆ ಎರಡು ಎಚ್ಚರಿಕೆ ನಮ್ಮ ಫೋಲ್ಕ್ಮಾರ್‌ಗೆ ಆಗಲೇ ಬಿದ್ದಿದ್ದವು. ಮೂರನೆಯದು ಬಿದ್ದರೆ ತೋಟವೇ ಹೋಯಿತು. ಅಲ್ಲಿದ್ದ ಚೆರಿ ಮರ ಅವನ ಹೆಂಡತಿ ರೋಸ್ವಿತಾಳ ಅಪ್ಪ ನೆಟ್ಟದ್ದು. ಅದು ಕೈತಪ್ಪಿದರೆ ಅವಳು ಗಂಡನನ್ನು ಹುರಿದು ಮುಕ್ಕುತ್ತಾಳೆ ಎಂಬುದರಲ್ಲಿ ಸಂಶಯವೇ ಇರಲಿಲ್ಲ.

ಶತ್ರುವಿನ ಹೆಸರು ಗೀರ್ಷ್. ನೋಡಲು ಸಾಧು ಸೊಪ್ಪು, ಮಣ್ಣೊಳಗೆ ಮಾತ್ರ ಬಿಳೀ ಬೇರಿನ ಜಾಲ.

"ಅದನ್ನ ಕೂತ್ಕೊಂಡು ಬೇರುಸಮೇತ ಕೈಯಲ್ಲೇ ಬಿಡಿಸಬೇಕು ಮಾರಾಯ," ಅಂದಳು ರೋಸ್ವಿತಾ. "ತುಂಡಾದ್ರೆ ತುಂಡಿಗೊಂದು ಗಿಡ ಏಳುತ್ತೆ."

"ಅದೆಲ್ಲ ನಿಮ್ಮಪ್ಪನ ಕಾಲದ ಮಾತು. ಇದು ಯಂತ್ರಯುಗ ಕಣೇ!"

ಬಾಡಿಗೆಗೆ ಟಿಲ್ಲರ್ ಬಂತು. ಡುರ್‌ರ್‌ರ್ ಅಂತ ತರಕಾರಿ ಪಾತಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ! ಮಣ್ಣು ಹಿಟ್ಟಿನ ಹಾಗೆ ಪುಡಿಯಾಯಿತು. ಅದರ ಮೇಲೆ ಬೀನ್ಸು, ಬಟಾಣಿ ಬಿತ್ತಿ, ದಂಡಯಾತ್ರೆ ಮುಗಿಸಿ ಬಂದ ಚಕ್ರವರ್ತಿಯಂತೆ ಫೋಲ್ಕ್ಮಾರ್ ಕುರ್ಚಿ ಹಾಕಿಕೊಂಡು ಕೂತ.

ಒಂದು ಮಳೆ ಬಿತ್ತು ನೋಡಿ, ರಕ್ತಬೀಜಾಸುರ ಎದ್ದು ನಿಂತ! ಟಿಲ್ಲರ್ ಕೊಚ್ಚಿದ ಒಂದೊಂದು ಚೂರೂ ಒಂದೊಂದು ಗಿಡವಾಗಿತ್ತು. ಬೀನ್ಸು ಎಲ್ಲೋ, ಬಟಾಣಿ ಎಲ್ಲೋ, ದೇವರೇ ಬಲ್ಲ. ಪಾತಿ ತುಂಬಾ ಗೀರ್ಷೇ ಗೀರ್ಷು. ಸಾಲದ್ದಕ್ಕೆ ಬೇಲಿಯಡಿ ನುಸುಳಿ ಲೋರೆನ್ಸನ ಕಡೆಗೂ ಹೊರಟಿತ್ತು.

"ಯಂತ್ರಯುಗ ಚೆನ್ನಾಗಿ ಚಿಗುರಿದೆ," ಅಂದಳು ರೋಸ್ವಿತಾ. ಕೀಳಲು ಪುರುಸೊತ್ತು ಸಿಗುವ ಮೊದಲೇ ತಪಾಸಣೆಯ ದಿನ ಬಂದುಬಿಟ್ಟಿತು.

ಫ್ರೌ ಹೆಂಪೆಲ್ ಪಾತಿಯ ನಡುವೆ ನಿಂತು ಸುತ್ತ ನೋಡಿದರು. "ಹೆರ್ ಡ್ರೆಸೆಲ್, ನಿಮ್ಮ ತರಕಾರಿ ಎಲ್ಲಿ?"

ರೋಸ್ವಿತಾ ಚೆರಿ ಮರಕ್ಕೆ ಕೈ ಆನಿಸಿ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಫೋಲ್ಕ್ಮಾರ್ ಅದನ್ನು ನೋಡಿದ. ಬಾಯಿಗೆ ಬಂದದ್ದು ಬಂದೇಬಿಟ್ಟಿತು.

"ನೀವು ನಿಂತಿರೋದೇ ತರಕಾರಿ ಮೇಲೆ! ದಯವಿಟ್ಟು ಕಾಲು ತೆಗೀರಿ, ತುಳೀಬೇಡಿ!"

"ಇದು ಗೀರ್ಷ್. ಕಳೆ."

"ಕಳೇನಾ? ಏನ್ ಹೇಳ್ತಾ ಇದೀರಾ! ನಮ್ಮಜ್ಜಿ ಬರಗಾಲದಲ್ಲಿ ಇದರ ಸೂಪು ಕುಡಿಸೇ ನಮ್ಮಪ್ಪನ್ನ ಸಾಕಿದ್ದು! ನಾನೇ ಬೇಕು ಅಂತ ಬೆಳೆಸಿದ್ದು. ಇಲ್ಲಿ ಇರೋ ಒಂದೊಂದು ಎಲೆಯೂ ನನ್ನ ಬೆಳೆ!"

ಫ್ರೌ ಹೆಂಪೆಲ್ ಹುಬ್ಬೇರಿಸಿದರು. "ಹಾಗಾದ್ರೆ ಸೂಪು ಮಾಡಿ ತನ್ನಿ, ನೋಡೋಣ."

ಮಾನ ಉಳಿಸುವ ಭಾರ ಎಂದಿನಂತೆ ಹೆಂಡತಿಯ ಹೆಗಲಿಗೇ ಬಿತ್ತು. ರೋಸ್ವಿತಾ ಹಲ್ಲು ಕಚ್ಚಿಕೊಂಡು ಗುಡಿಸಲಿಗೆ ಹೋದಳು. ಎಳೆ ಸೊಪ್ಪು ಕೊಯ್ದು, ಆಲೂಗೆಡ್ಡೆ ಬೇಯಿಸಿ, ಬೆಣ್ಣೆ ಕೆನೆ ಸುರಿದು ಸೂಪು ಮಾಡಿ ತಂದಳು. ಫ್ರೌ ಹೆಂಪೆಲ್ ಚಮಚ ಅದ್ದಿದರು, ಚಪ್ಪರಿಸಿದರು, ಇನ್ನೊಂದು ಚಮಚ ಕುಡಿದರು.

"ತಿನ್ನಬಹುದು," ಅಂದರು. "ಸರಿ, ಇದು ತರಕಾರಿಯೇ. ಎಲ್ಲರಿಗೂ ತಿಳಿಸ್ತೀನಿ."

ಗೆದ್ದ ಖುಷಿಯಲ್ಲಿ ಫೋಲ್ಕ್ಮಾರ್‌ಗೆ ಆ ಕೊನೆಯ ಮಾತು ಕಿವಿಗೇ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಲೋರೆನ್ಸ್ ಗೇಟಿನ ಮುಂದೆ ಹಾಜರ್.

"ನಿನ್ನ ತರಕಾರಿ ನನ್ನ ಗುಲಾಬಿ ಪಾತಿಗೆ ಬಂದಿದೆ. ಕಳೆ ಆಗಿದ್ರೆ ನಾನೇ ಕಿತ್ತು ಬಿಸಾಕ್ತಿದ್ದೆ. ಇನ್ನೊಬ್ಬರ ಬೆಳೆಗೆ ಕೈ ಹಾಕೋ ಜಾಯಮಾನ ನಂದಲ್ಲಪ್ಪ. ಬಂದು ಕೊಯ್ಕೊಂಡು ಹೋಗು. ಬೇರು ಬಿಡಬೇಡ!"

ಫೋಲ್ಕ್ಮಾರ್ ಅಲ್ಲಿ ಮಂಡಿಯೂರಿ ಕೂತಿದ್ದಾಗಲೇ ಬೇಲಿಯಾಚೆಯಿಂದ ಇನ್ನೊಂದು ದನಿ, "ಹೆರ್ ಡ್ರೆಸೆಲ್, ನಮ್ಮ ಸ್ಟ್ರಾಬೆರಿ ಮಧ್ಯೆ ನಿಮ್ಮ ಬೆಳೆ ಹುಲುಸಾಗಿದೆ! ಯಾವಾಗ ಬರ್ತೀರಾ?" ಸಂಜೆಯೊಳಗೆ ಇಡೀ ಕಾಲನಿ ಕ್ಯೂ ನಿಂತಿತು. ಕಾಲುವೆಯ ಆಚೆ ದಡದ ತೋಟದವನೂ ಬಂದ. ಅವನ ಗೀರ್ಷಿಗೆ ಫೋಲ್ಕ್ಮಾರ್‌ಗಿಂತ ಹೆಚ್ಚು ವಯಸ್ಸಾಗಿತ್ತು! ಆದರೆ ಯಾವ ಎಲೆ ಯಾರದು ಅಂತ ಸಾಧಿಸುವುದು ಹೇಗೆ? ವಾರವೆಲ್ಲ ಬಗ್ಗಿ ಬಗ್ಗಿ ಅವನ ಸೊಂಟ ಬಿಲ್ಲಾಯಿತು.

ತಡೆಯಲಾರದೆ ಫ್ರೌ ಹೆಂಪೆಲ್ ಬಾಗಿಲಿಗೆ ಓಡಿದ. "ತಪ್ಪಾಯ್ತು ತಾಯಿ! ಅದು ಕಳೆ, ಅಪ್ಪಟ ಕಳೆ!"

"ಹೌದಾ? ಹಾಗಾದ್ರೆ ನಿಮ್ಮ ತೋಟದಲ್ಲಿ ತರಕಾರಿನೇ ಇಲ್ಲ ಅಂತಾಯ್ತು. ಬೀಗದ ಕೈ ತಂದಿದೀರಾ?"

"ಇಲ್ಲ, ಇಲ್ಲ! ತರಕಾರಿನೇ! ಸುಮ್ನೆ ತಮಾಷೆ ಮಾಡಿದೆ!"

"ಸಂತೋಷ. ಅಂದ ಹಾಗೆ, ಬೆಳೆದದ್ದನ್ನ ಮಾರೋ ಹಾಗಿಲ್ಲ, ಸ್ವಂತ ಬಳಕೆಗೆ ಮಾತ್ರ. ಗೊಬ್ಬರದ ರಾಶಿಗೂ ಹಾಕಬೇಡಿ, ಬೇರು ಮತ್ತೆ ಚಿಗುರುತ್ತೆ."

"ಮತ್ತೆ ಅಷ್ಟು ಸೊಪ್ಪನ್ನ ಏನ್ ಮಾಡ್ಲಿ?"

"ತರಕಾರಿನ ಏನ್ ಮಾಡ್ತಾರೆ ಹೆರ್ ಡ್ರೆಸೆಲ್?"

ಅಂದಿನಿಂದ ಶುರುವಾಯಿತು ಔತಣ! ಬೆಳಿಗ್ಗೆ ಬ್ರೆಡ್ಡಿನ ಮೇಲೆ ಗೀರ್ಷ್, ಮಧ್ಯಾಹ್ನ ಗೀರ್ಷ್ ಸೂಪು, ರಾತ್ರಿ ಗೀರ್ಷ್ ಆಮ್ಲೆಟ್ಟು. ರೋಸ್ವಿತಾ ತನಗೆ ಮಾತ್ರ ಬೇರೆ ಅಡುಗೆ ಮಾಡಿಕೊಂಡಳು. "ಬೆಳೆ ನಿಂದು, ನಾನ್ಯಾಕೆ ಪಾಲು ಕೇಳ್ಲಿ?" ಅಂದಳು. ಫೋಲ್ಕ್ಮಾರ್‌ಗೆ ಕನಸೂ ಹಸಿರಾಗಿ ಬೀಳತೊಡಗಿತು.

ಜೂನ್ ತಿಂಗಳಲ್ಲಿ, ಕೊನೆಯ ಪಾತಿಯೂ ಸ್ವಚ್ಛವಾದ ಸಂಜೆ, ಲೋರೆನ್ಸ್ ತನ್ನ ಹುಲ್ಲುಹಾಸಿನ ಮೇಲೆ ಕೆಂಡ ಹಾಕಿ ಸಾಸೇಜ್ ಸುಟ್ಟು ಎಲ್ಲರನ್ನೂ ಕರೆದ. ಕಾಲನಿಗೆ ಕಾಲನಿಯೇ ನೆರೆದಿತ್ತು. ಒಬ್ಬರ ತೋಟದಲ್ಲೂ ಒಂದೆಳೆ ಕಳೆಯಿಲ್ಲ, ಅವನೊಬ್ಬನನ್ನು ಬಿಟ್ಟು ಎಲ್ಲರ ಸೊಂಟವೂ ನೆಟ್ಟಗಿತ್ತು. ಹಸಿರು ಮಂಡಿಗಳ ಮೇಲೆ ಕೈಯೂರಿ ಫೋಲ್ಕ್ಮಾರ್ ಬೆಂಚಿನ ಮೇಲೆ ಕುಸಿದು ಕೂತ. ಕೊಬ್ಬು ಚಟಪಟ ಸಿಡಿಯುತ್ತಿತ್ತು, ಘಮ ಮೂಗಿಗೆ ಅಡರಿ ಅವನ ಕಣ್ಣಲ್ಲಿ ನೀರೇ ಬಂತು. ಎಷ್ಟು ದಿನಗಳಾಗಿದ್ದವು! ಕೈಯನ್ನು ತಟ್ಟೆಯತ್ತ ಚಾಚಿದ.

ಇಕ್ಕಳದಿಂದ ಆ ಕೈಗೆ ಟಪ್ಪೆಂದು ಒಂದು ಏಟು ಬಿತ್ತು. ರೋಸ್ವಿತಾ ಅವನ ಮುಂದೆ ಹಸಿರು ಸೂಪಿನ ದೊಡ್ಡ ಬಟ್ಟಲು ಕುಕ್ಕಿದಳು.

"ಏ, ಇದು ಬರೀ..." ಅಂತ ಫೋಲ್ಕ್ಮಾರ್ ಬಾಯಿ ತೆರೆದ. ಎದುರಿಗೆ ಕೂತಿದ್ದ ಫ್ರೌ ಹೆಂಪೆಲ್ ಸಾಸೇಜ್ ಕಚ್ಚುವುದನ್ನು ನಿಲ್ಲಿಸಿ, "ಬರೀ ಏನು?" ಎಂಬಂತೆ ಅವನನ್ನೇ ನೋಡಿದರು. ಅವನು ಬಾಯಿ ಮುಚ್ಚಿಕೊಂಡು ಚಮಚ ಎತ್ತಿದ.

"ಹಾಗೆ ಬಾ ದಾರಿಗೆ," ಎಂದು ರೋಸ್ವಿತಾ ಮಗುವಿಗೆ ಕಟ್ಟುವಂತೆ ಅವನ ಕೊರಳಿಗೆ ಕರವಸ್ತ್ರ ಕಟ್ಟಿದಳು. "ಮೊದಲು ತರಕಾರಿ ಮುಗಿಸು. ಸಾಸೇಜ್ ಆಮೇಲೆ!"